ಓದುಗರ ಪತ್ರ, ನಮ್ಮ ಉತ್ತರ: ಮೆಚ್ಚಿದ ಪುಸ್ತಕದ ಹೊಲಿಗೆ ಬಿಚ್ಚುವುದು

ಕಥೆ, ಕಾದಂಬರಿ ಬರೆಯುವುದನ್ನು ಓದಿದ ಪುಸ್ತಕಗಳಿಂದಲೇ ಕಲಿಯಬಹುದೇ, ಕಲಿಯುವುದಾದರೆ ಹೇಗೆ ಎಂದು ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಓದುಗರು ಕೇಳಿದ್ದಾರೆ. ಬಂದ ಪತ್ರಗಳಲ್ಲಿ ಕೆಲವನ್ನು ಮೊಟಕು ಮಾಡಿ ಇಲ್ಲಿ ಕೊಟ್ಟಿದ್ದೇವೆ. ಬರೆದವರ ಹೆಸರಿನ ಬದಲು ಊರಷ್ಟೇ ಇದೆ.

ಇಷ್ಟವಾದ ಕಾದಂಬರಿಯನ್ನು ಕಲಿಯಲೆಂದೇ ಮತ್ತೆ ಕೈಗೆತ್ತಿಕೊಳ್ಳುತ್ತೇನೆ. ಹತ್ತು ಪುಟ ದಾಟುವಷ್ಟರಲ್ಲಿ ಕಥೆ ಎಳೆದುಕೊಂಡು ಹೋಗುತ್ತದೆ. ಮುಗಿಸಿದಾಗ ನೋಟ್‌ಬುಕ್ ಖಾಲಿ. ಪೆನ್ಸಿಲ್ ಹಿಡಿದು ನೋಡಬೇಕಾದ್ದು ಏನನ್ನು? (ದಾವಣಗೆರೆ)

ಎಳೆದುಕೊಂಡು ಹೋದರೆ ಹೋಗಲಿ ಬಿಡಿ. ಮೊದಲ ಓದಿಗೆ ಪೆನ್ಸಿಲ್ಲೇ ಬೇಡ. ಹಳೇ ಕ್ಯಾಲೆಂಡರ್ ಹಾಳೆಯನ್ನು ಹೆಬ್ಬೆರಳಗಲದ ಚೀಟಿಗಳಾಗಿ ಹರಿದಿಟ್ಟುಕೊಳ್ಳಿ. ಎಲ್ಲಿ ಗಂಟಲು ಕಟ್ಟಿತೋ, ಎಲ್ಲಿ ನಗು ಬಂತೋ, ಒರಗಿ ಕೂತವರು ಎಲ್ಲಿ ನೆಟ್ಟಗಾದಿರೋ ಅಲ್ಲೊಂದು ಚೀಟಿ ಸಿಗಿಸಿ. ಆಕಳಿಕೆ ಬಂದ ಕಡೆಯೂ ಒಂದು ಇರಲಿ, ಅದರ ತುದಿ ಮಡಚಿರಲಿ. ಯಾಕೆ ಎಂದು ಆಗಲೇ ಬರೆಯಲು ಹೋಗಬೇಡಿ. 300 ಪುಟದ ಪುಸ್ತಕಕ್ಕೆ 12 ಚೀಟಿ ಮೀರದಂತೆ ನೋಡಿಕೊಳ್ಳಿ. ಪುಟಕ್ಕೊಂದು ಚೀಟಿ ಇಟ್ಟರೆ ಪುಸ್ತಕ ಇಷ್ಟವಾಯಿತು ಎಂಬುದಷ್ಟೇ ಗೊತ್ತಾಗುತ್ತದೆ, ಅದು ಮೊದಲೇ ಗೊತ್ತಿತ್ತು. ಗ್ರಂಥಾಲಯದ ಪುಸ್ತಕಕ್ಕೂ ಈ ಚೀಟಿಯೇ ಒಳ್ಳೆಯದು.

ಒಂದು ವಾರ ಬಿಟ್ಟು ಒಂದೇ ಒಂದು ಚೀಟಿಯನ್ನು ಹಿಡಿದು ಹಿಂದಕ್ಕೆ ನಡೆಯಿರಿ. ಮುಂದಕ್ಕೆ ಓದಬೇಡಿ, ಅಲ್ಲೇ ಮತ್ತೆ ಕಥೆ ನಿಮ್ಮನ್ನು ಎಳೆದುಕೊಳ್ಳುವುದು. 212ನೇ ಪುಟದಲ್ಲಿ ಅತ್ತೆಯ ಬೀಗದ ಕೈಗೊಂಚಲು ಸೊಸೆಯ ಟ್ರಂಕಿನಲ್ಲಿ ಸಿಕ್ಕಿ ನಿಮ್ಮ ಎದೆ ಧಸಕ್ಕೆಂದಿತು ಅನ್ನಿ. ಆ ಗೊಂಚಲು ಅದಕ್ಕೂ ಮೊದಲು ಎಲ್ಲೆಲ್ಲಿ ಕಂಡಿತ್ತು? ಹಾಳೆ ಮಗುಚುತ್ತಾ ಹೋದರೆ 140ರಲ್ಲಿ ಒಮ್ಮೆ, 38ರಲ್ಲಿ ಒಮ್ಮೆ ಸಿಕ್ಕೀತು. ಸಿಕ್ಕ ವಾಕ್ಯವನ್ನು ಇದ್ದ ಹಾಗೆಯೇ ನೋಟ್‌ಬುಕ್ಕಿಗೆ ಇಳಿಸಿ, ಆ ವಾಕ್ಯ ಮೇಲ್ನೋಟಕ್ಕೆ ಬೇರೆ ಯಾವ ಕೆಲಸ ಮಾಡುತ್ತಿದೆ ಎಂದು ನೋಡಿ. ಹೀಗಿರಬಹುದು:

*ಬೀಗದ ಕೈಗೊಂಚಲನ್ನು ಸೊಂಟಕ್ಕೆ ಸಿಗಿಸಿಕೊಂಡು, ಒಲೆ ಮೇಲಿನ ಹಾಲು ಉಕ್ಕೀತೆಂದು ಅಡುಗೆಮನೆಗೆ ಓಡಿದಳು.*

ಓದುವವರ ಕಣ್ಣು ಹಾಲಿನ ಮೇಲಿರುತ್ತದೆ. ಕನ್ನಡದಲ್ಲಿ ಒತ್ತು ಬೀಳುವುದು ಕ್ರಿಯಾಪದಕ್ಕೆ ಅಂಟಿಕೊಂಡ ಮಾತಿನ ಮೇಲೆ. ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ, ಬಚ್ಚಿಡಬೇಕಾದ ವಸ್ತುವನ್ನು ಜಾಣ ಲೇಖಕರು ವಾಕ್ಯದ ಬಾಯಲ್ಲೇ ಇಟ್ಟು ದಾಟಿಬಿಡುತ್ತಾರೆ. ಅದನ್ನೇ ತಿರುಗಿಸಿ:

*ಹಾಲು ಉಕ್ಕೀತೆಂದು ಅಡುಗೆಮನೆಗೆ ಓಡುವಾಗಲೂ ಅವಳ ಸೊಂಟದಲ್ಲಿ ಬೀಗದ ಕೈಗೊಂಚಲಿತ್ತು.*

ಈಗ ಗೊಂಚಲು ಕಣ್ಣಿಗೇ ರಾಚುತ್ತದೆ. 212ನೇ ಪುಟದಲ್ಲಿ ಧಸಕ್ಕೆನ್ನುವ ಬದಲು ‘ಗೊತ್ತಿತ್ತು ಬಿಡು’ ಅನ್ನಿಸುತ್ತದೆ. ಎರಡು ವಾಕ್ಯದಲ್ಲೂ ಇರುವ ಸಂಗತಿ ಒಂದೇ. ಇಂಥದ್ದೊಂದನ್ನು ಮೆಚ್ಚಿದ ಪುಸ್ತಕದಲ್ಲಿ ಕೈಯಾರೆ ಹುಡುಕಿ ತೆಗೆದವರು ಆಮೇಲೆ ತಮ್ಮ ಕಥೆಯಲ್ಲಿ ಕೈಗೊಂಚಲನ್ನು ವಾಕ್ಯದ ಯಾವ ತುದಿಗೆ ಇಡಬೇಕೆಂದು ಯೋಚಿಸದೆ ಇರಲಾರರು.

ಇದಾದ ಮೇಲೆ ದೃಶ್ಯಗಳ ಪಟ್ಟಿ ಮಾಡಿ. ಉದ್ದನೆಯ ಗೆರೆ ಪುಸ್ತಕದಲ್ಲಿ ಐದು ಕಾಲಂ ಎಳೆಯಿರಿ: ಪುಟ, ಎಲ್ಲಿ ಮತ್ತು ಯಾವಾಗ, ಯಾರಿದ್ದಾರೆ, ಯಾರಿಗೆ ಏನು ಬೇಕಾಗಿದೆ, ದೃಶ್ಯ ಮುಗಿದಾಗ ಏನು ಬದಲಾಗಿದೆ. ಜಾಗ ಬದಲಾದರೆ ಅಥವಾ ಹೊತ್ತು ಹಾರಿದರೆ ಹೊಸ ಸಾಲು. ಮೊದಲಿಗೆ 10–12 ಪುಟದ ಸಣ್ಣಕಥೆ ಹಿಡಿಯಿರಿ, ಆರೆಂಟು ಸಾಲಿನಲ್ಲಿ ಒಂದು ಸಂಜೆಗೆ ಮುಗಿಯುತ್ತದೆ. ಕಾದಂಬರಿಯಾದರೆ ಮೂರ್ನಾಲ್ಕು ಭಾನುವಾರ ಬೇಕು. ಹೆಚ್ಚಿನವರು ಎಡವುವುದು ಐದನೇ ಕಾಲಂನಲ್ಲಿ, ‘ಏನು ನಡೆಯಿತು’ ಎಂದು ಬರೆದುಬಿಡುತ್ತಾರೆ. ‘ತಮ್ಮ ಊರಿಗೆ ಬಂದ’ ಎಂಬುದು ನಡೆದದ್ದು. ‘ಮನೆ ಮಾರುವ ಮಾತನ್ನು ಇನ್ನು ಮುಚ್ಚಿಡಲಾಗದು’ ಎಂಬುದು ಬದಲಾದದ್ದು. ಆ ಕಾಲಂ ಖಾಲಿ ಉಳಿದರೆ ಒಂದೋ ನೀವು ಏನನ್ನೋ ಕಾಣಲಿಲ್ಲ, ಇಲ್ಲವೇ ಲೇಖಕರು ತೂಕಡಿಸಿದ್ದಾರೆ. ಮಡಚಿದ ಚೀಟಿ ಅಲ್ಲೇ ಇದೆಯೇ ನೋಡಿ. ಇದ್ದರೆ ತೂಕಡಿಸಿದವರು ಲೇಖಕರೇ ಇರಬೇಕು.

ಕಲಿಯಲು ದೊಡ್ಡವರ ಕೃತಿಗಳನ್ನೇ ಹಿಡಿಯಬೇಕೇ? ನನಗೆ ನಿಜವಾಗಿ ಇಷ್ಟ ಪತ್ತೇದಾರಿ ಕಾದಂಬರಿ. (ಹೊಳಲ್ಕೆರೆ)

ಯಾರೂ ಹೇಳದೆ ನೀವಾಗಿಯೇ ಮೂರು ಸಲ ಓದಿದ ಪುಸ್ತಕ ಯಾವುದೋ ಅದನ್ನು ಹಿಡಿಯಿರಿ. ಕೈಮುಗಿದು ಓದುವ ಪುಸ್ತಕದ ಮೇಲೆ ಪೆನ್ಸಿಲ್ ಓಡುವುದಿಲ್ಲ, ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಮೇಲೆ ಹೇಳಿದ ಬಚ್ಚಿಡುವ ಕೆಲಸಕ್ಕಂತೂ ಪತ್ತೇದಾರಿಗಿಂತ ಒಳ್ಳೆಯ ಪಠ್ಯವಿಲ್ಲ. ಒಂದು ಎಚ್ಚರಿಕೆ ಬೇಕು. ಅನುವಾದವಾಗಿ ಬಂದ ಕಾದಂಬರಿಯಿಂದ ಕಟ್ಟಡವನ್ನು ಕಲಿಯಬಹುದು, ಕನ್ನಡದ ವಾಕ್ಯವನ್ನು ಕಲಿಯಲು ಹೋಗಬೇಡಿ.

ಮೊದಲ ಪುಟ ಕೈ ಹಿಡಿಯುತ್ತಿಲ್ಲ. ಪ್ರತಿ ಕಥೆಯೂ ಬೆಳಗಾಗುವುದರಿಂದ ಶುರುವಾಗುತ್ತದೆ. (ಜಗಳೂರು)

ಮನೆಯಲ್ಲಿರುವ ಹತ್ತು ಪುಸ್ತಕಗಳ ಮೊದಲ ಎರಡು ಪುಟಗಳನ್ನಷ್ಟೇ ಒಂದೇ ಕೂತಿನಲ್ಲಿ ಓದಿ. ಒಂದೊಂದಕ್ಕೂ ಇದನ್ನು ಬರೆದುಕೊಳ್ಳಿ: ಎರಡನೇ ಪುಟದ ಕೊನೆಗೆ ನನ್ನಲ್ಲಿ ಎದ್ದ ಪ್ರಶ್ನೆ ಯಾವುದು, ಅದಕ್ಕೆ ಗಡುವು ಇದೆಯೇ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಈ ಗಡುವಿಗೆ ತಕ್ಕ ಉದಾಹರಣೆ. ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ, ಅವನ ಸಂಸ್ಕಾರ ಮಾಡಬೇಕಾದವರು ಯಾರು? ಧರ್ಮದ ಪ್ರಶ್ನೆಯನ್ನು ಎಷ್ಟು ದಿನ ಬೇಕಾದರೂ ಚರ್ಚಿಸಬಹುದು, ಹೆಣ ಮಾತ್ರ ಕಾಯುವುದಿಲ್ಲ. ಅದು ಎದ್ದುಹೋಗುವ ತನಕ ಅಗ್ರಹಾರದವರು ಉಣ್ಣುವಂತೆಯೂ ಇಲ್ಲ. ಪ್ರಶ್ನೆ ಹೊಟ್ಟೆಗೂ ಮೂಗಿಗೂ ತಟ್ಟುತ್ತದೆ. ನಿಮ್ಮ ಕಥೆಯಲ್ಲಿ ಬೆಳಗಾಗುವುದು ತಪ್ಪಲ್ಲ, ಬೆಳಗಾದರೆ ಯಾರಿಗೆ ಏನು ಕೆಡುತ್ತದೆ ಎಂಬುದು ಅಲ್ಲಿಲ್ಲ. ಮೊದಲ ಪುಟ ತೆಗೆದುಹಾಕಿ ಎರಡನೆಯದರಿಂದ ಓದಿಸಿ ನೋಡಿ. ಯಾರೂ ಏನನ್ನೂ ಕೇಳದಿದ್ದರೆ ಅದು ಬೇಕಿರಲಿಲ್ಲ.

ನಾನು ದುರ್ಗದವನು. ‘ದುರ್ಗಾಸ್ತಮಾನ’ ಓದುವಾಗ ಕೋಟೆ ಬೀಳುತ್ತದೆಂದು ಮೊದಲೇ ಗೊತ್ತಿತ್ತು, ಹೆಸರೇ ಹೇಳುತ್ತದೆ. ಆದರೂ ಕೆಳಗಿಡಲಾಗಲಿಲ್ಲ. ಇದನ್ನು ಕಲಿಯುವುದು ಹೇಗೆ? (ಚಿತ್ರದುರ್ಗ)

ತ.ರಾ.ಸು. ಅವರ ಈ ಕಾದಂಬರಿ 1982ರಲ್ಲಿ ಬಂತು. ಲೇಖಕರು 1984ರಲ್ಲಿ ತೀರಿಕೊಂಡರು, ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಮರುವರ್ಷ. ಮದಕರಿನಾಯಕನ ಕೋಟೆ 1779ರಲ್ಲಿ ಹೈದರಾಲಿಯ ಕೈಸೇರಿತು ಎಂಬುದು ದುರ್ಗದ ಶಾಲೆ ಮಕ್ಕಳಿಗೂ ಗೊತ್ತು. ಅಂದರೆ ‘ಏನಾಗುತ್ತದೆ’ ಎಂಬ ಬಾಗಿಲನ್ನು ಲೇಖಕರು ಹೊದಿಕೆಯ ಮೇಲೇ ಮುಚ್ಚಿಟ್ಟಿದ್ದಾರೆ. ಉಳಿದಿರುವುದು ‘ಹೇಗೆ, ಯಾರಿಂದ, ಇನ್ನೆಷ್ಟು ದಿನ’.

ಇಂಥ ಕಾದಂಬರಿಗೆ ಬೇರೆ ಪಟ್ಟಿ ಬೇಕು. ಅಧ್ಯಾಯಕ್ಕೊಂದು ಸಾಲು, ನಾಲ್ಕು ಕಾಲಂ: ಓದುಗನಿಗೆ ಏನು ಗೊತ್ತು, ಪಾತ್ರಕ್ಕೆ ಏನು ಗೊತ್ತು, ಪಾತ್ರ ತಪ್ಪಾಗಿ ನಂಬಿರುವುದೇನು, ಈ ಅಧ್ಯಾಯ ಎಷ್ಟು ಕಾಲವನ್ನು ದಾಟುತ್ತದೆ. ಮೊದಲೆರಡು ಕಾಲಂಗಳ ನಡುವಿನ ಅಂತರ ಎಲ್ಲಿ ಹಿಗ್ಗುತ್ತದೆ, ಎಲ್ಲಿ ಕುಗ್ಗುತ್ತದೆ ಎಂದು ಗುರುತು ಹಾಕಿ. ಕೊನೆಯ ಕಾಲಂನಲ್ಲಿ ಒಂದು ಪ್ಯಾರಾಕ್ಕೆ ತಿಂಗಳುಗಳು ಕಳೆಯುವುದೆಲ್ಲಿ, ಒಂದು ಗಳಿಗೆ ಹತ್ತು ಪುಟ ತಿನ್ನುವುದೆಲ್ಲಿ ಎಂದು ಬರೆಯಿರಿ. ಇದು ನಾವು ಹೇಳಿ ನೀವು ಒಪ್ಪಿಕೊಳ್ಳುವ ವಿಷಯವಲ್ಲ, ನಿಮ್ಮ ಪ್ರತಿ ಹಿಡಿದು ಎಣಿಸಿ.

ದುರ್ಗದವರಿಗೆ ಇಲ್ಲೊಂದು ತೊಡಕಿದೆ. ಏಳು ಸುತ್ತಿನ ಕೋಟೆಯನ್ನು ನೀವು ಕಾಲಿನಲ್ಲಿ ಅಳೆದಿದ್ದೀರಿ. ಪುಟದಲ್ಲಿ ಒಂದು ಬುರುಜಿನ ಹೆಸರು ಬಂದರೆ ಸಾಕು, ಬಂಡೆಯ ಕಾವು, ಗಾಳಿ, ಕೆಳಗಿನ ಊರು ಎಲ್ಲವನ್ನೂ ನೀವೇ ತುಂಬಿಕೊಳ್ಳುತ್ತೀರಿ, ಆಮೇಲೆ ಅದನ್ನೆಲ್ಲ ಲೇಖಕರ ಲೆಕ್ಕಕ್ಕೆ ಬರೆಯುತ್ತೀರಿ. ನಿಮ್ಮದೇ ಕಥೆಯಲ್ಲಿ ‘ಜೋಗಿಮಟ್ಟಿ’ ಎಂದು ಬರೆದು ಬೆಟ್ಟ ಕಂಡಿತೆಂದುಕೊಳ್ಳುವುದೂ ಇದೇ ತಪ್ಪು. ಹಾಗಾಗಿ ಒಂದು ಪುಟ ಆರಿಸಿ, ಅದರಲ್ಲಿ ಅಕ್ಷರದಲ್ಲಿ ಇರುವ ಜಾಗದ ವಿವರಗಳ ಕೆಳಗಷ್ಟೇ ಗೆರೆ ಎಳೆಯಿರಿ. ಅದೇ ಪುಟವನ್ನು ಕೋಟೆ ಕಾಣದ ಮಂಗಳೂರಿನದೋ ಕಾರವಾರದ್ದೋ ಸ್ನೇಹಿತರಿಗೆ ಓದಿಸಿ, ಏನು ಕಂಡಿತೆಂದು ಕೇಳಿ. ಅವರು ಹೇಳಿದ್ದಕ್ಕೂ ನೀವು ಕಂಡದ್ದಕ್ಕೂ ಇರುವ ವ್ಯತ್ಯಾಸವನ್ನು ತಂದಿದ್ದು ನೀವು, ಪುಸ್ತಕ ಅಲ್ಲ.

ನನ್ನ ಸಂಭಾಷಣೆ ಸಪ್ಪೆ ಎನ್ನುತ್ತಾರೆ. ಒಂದು ತುಣುಕು ಕಳಿಸಿದ್ದೇನೆ. ಇದಕ್ಕೂ ಪುಸ್ತಕದಿಂದಲೇ ಮದ್ದು ಸಿಕ್ಕೀತೇ? (ದಾವಣಗೆರೆ)

ಕಳಿಸಿದ್ದು ಇದು:

*“ಮಾವ, ನೀವು ನನಗೆ ಕೊಡಬೇಕಾದ ಐವತ್ತು ಸಾವಿರ ರೂಪಾಯಿಯನ್ನು ಯಾವಾಗ ಕೊಡುತ್ತೀರಿ?” ಎಂದು ಬಸವರಾಜ ಕೋಪದಿಂದ ಕೇಳಿದ.*

*“ಮೆಕ್ಕೆಜೋಳ ಮಾರಿದ ಮೇಲೆ ಕೊಡುತ್ತೇನೆ ಬಸವರಾಜ, ನನಗೆ ಈಗ ಬಹಳ ಕಷ್ಟವಿದೆ” ಎಂದು ಮಾವ ದುಃಖದಿಂದ ಹೇಳಿದರು.*

*“ಹೋದ ವರ್ಷವೂ ನೀವು ಹೀಗೇ ಹೇಳಿದ್ದಿರಿ” ಎಂದು ಬಸವರಾಜ ವ್ಯಂಗ್ಯವಾಗಿ ಹೇಳಿದ.*

ನೀವು ಮೆಚ್ಚಿದ ಕಾದಂಬರಿಯಲ್ಲಿ ಇಬ್ಬರೇ ಮಾತಾಡುವ ಎರಡು ಪುಟ ಹುಡುಕಿ. ಮಾತುಗಳನ್ನಷ್ಟೇ ಎಡಗಡೆ ಇಳಿಸಿಕೊಳ್ಳಿ. ಬಲಗಡೆ, ಆ ಮಾತಾಡಿದವರು ನಿಜಕ್ಕೂ ಹೇಳಬೇಕೆಂದಿದ್ದು ಏನು ಎಂದು ಬರೆಯಿರಿ. ಆಮೇಲೆ ಎಣಿಕೆಗೆ ಕೂರಿ. ಅತಿ ಉದ್ದದ ಮಾತು ಎಷ್ಟು ಪದ? ಕೇಳಿದ ಪ್ರಶ್ನೆಗೆ ನೇರ ಉತ್ತರ ಸಿಕ್ಕಿದ್ದು ಎಷ್ಟು ಸಲ? ‘ಕೋಪದಿಂದ’, ‘ದುಃಖದಿಂದ’ ಎಷ್ಟು? ‘ಎಂದ’, ‘ಎಂದಳು’ ಇಲ್ಲದೆಯೇ ಯಾರ ಮಾತೆಂದು ತಿಳಿದದ್ದು ಎಷ್ಟು ಸಲ? ಮಾತಿನ ನಡುವೆ ಕೈಗಳು ಏನು ಮಾಡುತ್ತಿದ್ದವು? ನಿಮ್ಮ ತುಣುಕಿಗೂ ಅದೇ ಎಣಿಕೆ ಮಾಡಿ ಪಕ್ಕದಲ್ಲಿಡಿ. ನಿಮ್ಮದರಲ್ಲಿ ಕೇಳಿದ ಒಂದೇ ಪ್ರಶ್ನೆಗೆ ನೇರ ಉತ್ತರ, ಮೂರು ಮಾತಿಗೆ ಮೂರು ಭಾವದ ಚೀಟಿ, ಕೈಗಳ ಸುದ್ದಿಯೇ ಇಲ್ಲ. ಜೊತೆಗೆ ಐವತ್ತು ಸಾವಿರ ಎಂಬುದು ಇಬ್ಬರಿಗೂ ಗೊತ್ತಿರುವ ಸಂಗತಿ. ಗೊತ್ತಿರುವುದನ್ನು ಗೊತ್ತಿರುವವರಿಗೇ ಹೇಳುತ್ತಿದ್ದಾರೆ ಅಂದರೆ ಮಾತು ಓದುಗನ ಕಡೆ ತಿರುಗಿದೆ ಎಂದರ್ಥ.

ಎಣಿಕೆ ತೋರಿಸಿದ್ದನ್ನು ಹಿಡಿದು ತಿದ್ದಿದರೆ ಹೀಗಾಗಬಹುದು:

*ಬೆಣ್ಣೆ ದೋಸೆ ಬಂತು. ಮಾವ ಬೆಣ್ಣೆಯ ಉಂಡೆಯನ್ನು ಬೆರಳಿನಿಂದ ಒತ್ತಿ ಅಂಚಿನ ತನಕ ಹರಡಿದರು.*

*“ಮಂಡಿಗೆ ಹೋಗಿದ್ರೇನು?”*

*“ಜೋಳ ಇನ್ನೂ ಹಸಿ ಐತಿ ಅಂತಾರ. ಎರಡ್ ಬಿಸ್ಲು ಕಾಯ್ಬೇಕು.”*

*“ಹೋದ್ ವರ್ಷಾನೂ ಹಸೀನ ಇತ್ತು.”*

*ಮಾವ ತಟ್ಟೆಯನ್ನು ಅವನ ಕಡೆ ಸರಿಸಿದ. “ಆರ್ತೈತಿ, ತಿನ್ನು.”*

ದುಡ್ಡಿನ ಹೆಸರೇ ಬಂದಿಲ್ಲ. ಮೊತ್ತ ತಿಳಿಸಲೇಬೇಕಾದರೆ ಬೇರೆ ಕಡೆ, ಗೊತ್ತಿಲ್ಲದ ಒಬ್ಬರ ಎದುರು ತಿಳಿಸಿ. ಇನ್ನೊಂದನ್ನು ಗಮನಿಸಿ: ಮೇಲೆ ‘ಹರಡಿದರು’, ಕೆಳಗೆ ‘ಸರಿಸಿದ’. ಬಸವರಾಜನ ಬಾಯಿ ಮಾವನಿಗೆ ಮರ್ಯಾದೆ ಕೊಡುತ್ತಲೇ ಇದೆ, ಅವನ ಮನಸ್ಸಿನಲ್ಲಿ ಕೂತು ಹೇಳುತ್ತಿರುವ ನಿರೂಪಣೆ ಮಾತ್ರ ಬಹುವಚನದಿಂದ ಕೆಳಗಿಳಿದಿದೆ. ‘ಕೋಪದಿಂದ’ ಎಂಬ ಪದ ಮಾಡಬೇಕಿದ್ದ ಕೆಲಸವನ್ನು ಕ್ರಿಯಾಪದದ ಬಾಲ ಮಾಡಿದೆ. ಅಪಾಯವೂ ಇದೆ. ಕರಡು ತಿದ್ದುವವರು ಅಚ್ಚಿನ ತಪ್ಪೆಂದು ಎರಡನ್ನೂ ಒಂದೇ ಮಾಡಿಬಿಟ್ಟಾರು, ಹಸ್ತಪ್ರತಿಯ ಅಂಚಿನಲ್ಲಿ ಗುರುತು ಹಾಕಿ ಕಳಿಸಿ. ಇಡೀ ಕಥೆಯಲ್ಲಿ ಇದು ಒಮ್ಮೆ ನಡೆದೀತು, ನಾಲ್ಕು ಸಲ ಮಾಡಿದರೆ ಓದುಗರಿಗೂ ತಪ್ಪೆಂದೇ ಕಾಣುತ್ತದೆ.

ಹಳೆಯ ಕಾದಂಬರಿಗಳಲ್ಲಿ ನೀನು–ನೀವು ಬದಲಾಗುವ ಜಾಗಗಳನ್ನೇ ಗುರುತು ಮಾಡುತ್ತಾ ಒಂದು ಓದು ಓದಿ. ಗಂಡ ಹೆಂಡತಿ, ಒಡೆಯ ಆಳು, ಅಣ್ಣ ತಮ್ಮ, ಯಾರು ಯಾರನ್ನು ಹೇಗೆ ಕರೆಯುತ್ತಾರೆ, ಎಂದು ತಪ್ಪುತ್ತಾರೆ. ಕನ್ನಡದ ಕಥೆಗಾರರ ಪೆಟ್ಟಿಗೆಯಲ್ಲಿ ಇದಕ್ಕಿಂತ ಹರಿತವಾದ ಉಳಿ ಬೇರೆ ಇಲ್ಲವೆಂದೇ ನಮ್ಮ ಅಭಿಪ್ರಾಯ.

ಮೆಚ್ಚಿದ ಲೇಖಕರ ಪುಟಗಳನ್ನು ಕೈಬರಹದಲ್ಲಿ ನಕಲು ಮಾಡಿದರೆ ಶೈಲಿ ಬರುತ್ತದೆಯೇ? ಅದು ಕೃತಿಚೌರ್ಯವಾಗುವುದಿಲ್ಲವೇ? (ಚಳ್ಳಕೆರೆ)

ಬರೀ ನಕಲಿನಿಂದ ಅಕ್ಷರ ದುಂಡಗಾದೀತು. ಎರಡನೇ ಪುಟಕ್ಕೆ ಕೈ ತಾನಾಗಿ ಓಡುತ್ತದೆ, ತಲೆ ಮಲಗುತ್ತದೆ. ಬೆಂಜಮಿನ್ ಫ್ರಾಂಕ್ಲಿನ್ ತಮ್ಮ ಆತ್ಮಕಥೆಯಲ್ಲಿ ಇದಕ್ಕಿಂತ ಒಳ್ಳೆಯ ಉಪಾಯ ಹೇಳಿದ್ದಾರೆ. ಹುಡುಗನಾಗಿದ್ದಾಗ ಬಾಸ್ಟನ್ನಿನಲ್ಲಿ ‘ಸ್ಪೆಕ್ಟೇಟರ್’ ಪತ್ರಿಕೆಯ ಬಿಡಿ ಸಂಪುಟವೊಂದು ಅವರ ಕೈಗೆ ಸಿಕ್ಕಿತು. ಮೆಚ್ಚಿದ ಲೇಖನದ ಒಂದೊಂದು ವಾಕ್ಯಕ್ಕೂ ಚಿಕ್ಕ ಸುಳಿವು ಬರೆದಿಟ್ಟು, ಕೆಲವು ದಿನ ಬಿಟ್ಟು, ಮೂಲ ನೋಡದೆ ಇಡೀ ಲೇಖನವನ್ನು ತಮ್ಮ ಮಾತಿನಲ್ಲಿ ಕಟ್ಟಿ, ಆಮೇಲೆ ಮೂಲದ ಜೊತೆ ಹೋಲಿಸಿ ತಿದ್ದಿಕೊಳ್ಳುತ್ತಿದ್ದರು. ಕೆಲವೊಮ್ಮೆ ಸುಳಿವುಗಳನ್ನೇ ಕಲಸಿಟ್ಟು, ವಾರಗಳ ನಂತರ ಸರಿಯಾದ ಕ್ರಮಕ್ಕೆ ತರಲು ಕೂರುತ್ತಿದ್ದರು. ಯಾವುದರ ನಂತರ ಯಾವುದು ಬರಬೇಕು ಎಂಬುದನ್ನು ಕಲಿಯಲು ಅದು.

ಕನ್ನಡದಲ್ಲಿ ಮಾಡುವವರು 15 ವಾಕ್ಯದ ಒಂದು ಪ್ಯಾರಾ ಆರಿಸಿ. ವಾಕ್ಯಕ್ಕೆ ಎರಡು ಮೂರು ಪದದ ಸುಳಿವು, ಅದರಲ್ಲಿ ಕ್ರಿಯಾಪದ ಇರದಿರಲಿ. ಇದ್ದರೆ ವಾಕ್ಯ ತಾನೇ ನೆನಪಾಗಿಬಿಡುತ್ತದೆ. ಮೂರು ದಿನ ಬಿಡಿ. ತಿರುಗಿ ಬರೆದು ಪಕ್ಕದಲ್ಲಿಟ್ಟಾಗ ಮೊದಲು ವಾಕ್ಯದ ಉದ್ದ ನೋಡಿ. ‘ಎದ್ದು, ಮುಖ ತೊಳೆದು, ಚೀಲ ಹೆಗಲಿಗೇರಿಸಿ ಹೊರಟ’ ಎಂದು ಲೇಖಕರು ಒಂದೇ ಉಸಿರಿನಲ್ಲಿ ಹೇಳಿದ್ದನ್ನು ನೀವು ‘ಎದ್ದ. ಮುಖ ತೊಳೆದ. ಚೀಲ ಏರಿಸಿದ. ಹೊರಟ’ ಎಂದು ಕಡಿದಿದ್ದರೆ, ಅವನಿಗೆ ಅವಸರವಿತ್ತೋ ಬೇಸರವಿತ್ತೋ ಎಂಬುದೇ ಬದಲಾಗಿದೆ. ನಿಮ್ಮದು ಮೂಲಕ್ಕಿಂತ ಚೆನ್ನಾಗಿ ಬಂದ ವಾಕ್ಯ ಒಂದಾದರೂ ಇರುತ್ತದೆ, ಅದನ್ನೂ ಗುರುತಿಸಿ.

ಚೌರ್ಯದ ಮಾತು. 1957ರ ಕೃತಿಸ್ವಾಮ್ಯ ಕಾಯ್ದೆ ಖಾಸಗಿ ಅಧ್ಯಯನಕ್ಕಾಗಿ ನ್ಯಾಯವಾದ ಬಳಕೆಯನ್ನು ಬಿಟ್ಟುಕೊಟ್ಟಿದೆ, ನಿಮ್ಮ ನೋಟ್‌ಬುಕ್ಕಿನ ಒಂದು ಪ್ಯಾರಾ ಅದರೊಳಗೇ ಬರುತ್ತದೆ. ಅದನ್ನೇ ನಿಮ್ಮ ಹೆಸರಿನಲ್ಲಿ ಅಚ್ಚು ಹಾಕಿಸಿದರೆ ಕಥೆ ಬೇರೆ. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿದಿರುತ್ತದೆ. ದೃಶ್ಯ ಜೋಡಿಸುವ ಬಗೆ, ಗಡುವು ಇಡುವ ಬಗೆ ಯಾರ ಸ್ವತ್ತೂ ಅಲ್ಲ.

ಮಲೆನಾಡಿನ ಕಾದಂಬರಿಗಳೆಂದರೆ ಪ್ರಾಣ. ಆದರೆ ನಾನು ಬರೆದ ಹಿರಿಯೂರಿನ ಕಥೆಯಲ್ಲೂ ಮಳೆ ಬಿಡದೆ ಸುರಿಯುತ್ತದೆ! (ಹಿರಿಯೂರು)

ನೀವು ಮಳೆಯನ್ನೇ ಎತ್ತಿಕೊಂಡು ಬಂದಿದ್ದೀರಿ, ಮಳೆ ಮಾಡುತ್ತಿದ್ದ ಕೆಲಸವನ್ನು ಅಲ್ಲೇ ಬಿಟ್ಟಿದ್ದೀರಿ. ಆ ಕಾದಂಬರಿಗಳಲ್ಲಿ ಮಳೆ ಬಂದ ಪುಟಗಳನ್ನು ಹುಡುಕಿ, ಅದು ಮಾಡಿದ್ದೇನೆಂದು ಬರೆಯಿರಿ. ದಾರಿ ಮುಚ್ಚಿತು, ಜಗಳವಾಡಿದ ಇಬ್ಬರನ್ನು ಒಂದೇ ಜಗಲಿಯಲ್ಲಿ ಕೂರಿಸಿತು, ವೈದ್ಯರು ಬರುವುದು ತಡವಾಯಿತು. ಈಗ ನಿಮ್ಮ ಸೀಮೆಯಲ್ಲಿ ಇದನ್ನೆಲ್ಲ ಮಾಡುವುದು ಯಾವುದು? ಮೋಟಾರಿಗೆ ತ್ರೀ ಫೇಸ್ ಕರೆಂಟ್ ರಾತ್ರಿ ಯಾವಾಗ ಬರುತ್ತದೋ ಎಂದು ಪಂಪ್‌ಸೆಟ್ ಮನೆಯಲ್ಲಿ ಕಾದು ಕೂತ ಅಣ್ಣ ತಮ್ಮ ಎದ್ದು ಹೋಗುವಂತಿಲ್ಲ, ಮಾತು ಬಿಟ್ಟವರಾದರೂ ಒಂದೇ ಬೀಡಿಕಟ್ಟು. ನೀರಿನ ಟ್ಯಾಂಕರ್‌ಗೆ ಕೊಡ ಸಾಲಿಟ್ಟ ಹೆಂಗಸರು, ಕೊನೇ ಬಸ್ಸು ತಪ್ಪಿಸಿಕೊಂಡವರು, ಮಟಮಟ ಮಧ್ಯಾಹ್ನ ಬೇವಿನ ನೆರಳು ಬಿಟ್ಟು ಕದಲಲಾಗದವರು ಎಲ್ಲ ಈ ಲೆಕ್ಕಕ್ಕೇ ಬರುತ್ತಾರೆ.

ನುಡಿಯಲ್ಲೂ ಇದೇ ಆಗಿರಬಹುದು, ಪರೀಕ್ಷಿಸಿಕೊಳ್ಳಿ. ಹರಿಹರದ ಕಡೆಯ ಪಾತ್ರದ ಬಾಯಲ್ಲಿ ‘ಐತಿ’ ಬಂದರೆ ನಿಮ್ಮ ಕಡೆಯವರ ಬಾಯಲ್ಲಿ ‘ಐತೆ’. ಮಲೆನಾಡಿನ ಪುಸ್ತಕದಿಂದ ಬಂದ ‘ಮಾರಾಯ’ ಹಿರಿಯೂರಿನ ಸಂತೆಯಲ್ಲಿ ನಿಂತರೆ ಓದುಗ ತಲೆಯೆತ್ತಿ ನೋಡುತ್ತಾನೆ.

ಇಂಥ ಅಭ್ಯಾಸವನ್ನು ಎಷ್ಟು ಪುಸ್ತಕಕ್ಕೆ ಮಾಡಬೇಕು? ಓದಿನ ಸುಖವೇ ಹೋದರೆ? (ಹರಿಹರ)

ವರ್ಷಕ್ಕೆ ಒಂದು ಕಾದಂಬರಿ, ಐದು ಸಣ್ಣಕಥೆ ಸಾಕು. ಪ್ರತಿ ಅಭ್ಯಾಸದ ಮರುದಿನ, ಕಂಡುಕೊಂಡ ಆ ಒಂದೇ ಸಂಗತಿಯನ್ನು ಬಳಸಿ 300 ಪದ ನಿಮ್ಮದು ಬರೆಯಿರಿ. ಮರುದಿನವೇ ಆಗಬೇಕು, ವಾರ ಬಿಟ್ಟರೆ ಅದು ಪಟ್ಟಿಯಲ್ಲೇ ಉಳಿದುಹೋಗುತ್ತದೆ. ಪಟ್ಟಿಯ ನೋಟ್‌ಬುಕ್ ನಿಮ್ಮ ಹಸ್ತಪ್ರತಿಗಿಂತ ದಪ್ಪವಾಗುತ್ತಿದ್ದರೆ ಪಟ್ಟಿ ನಿಲ್ಲಿಸಿ. ಸುಖ ಮೊದಲ ಕೆಲವು ತಿಂಗಳು ಸ್ವಲ್ಪ ಕಮ್ಮಿಯಾಗುವುದುಂಟು. ಅದಕ್ಕೆಂದೇ ಎರಡು ಮೂರು ಪುಸ್ತಕಗಳನ್ನು ಪೆನ್ಸಿಲ್ ಮುಟ್ಟಿಸದೆ ಬೇರೆ ಗೂಡಿನಲ್ಲಿಡಿ.

ಮುಂದಿನ ಸಲ ತುಣುಕು ಕಳಿಸುವವರು ಎರಡು ಪುಟ ಮೀರಬೇಡಿ. ಜೊತೆಗೆ ಯಾವ ಪುಸ್ತಕದ ಯಾವ ಪುಟ ಇಟ್ಟುಕೊಂಡು ಬರೆದಿರಿ ಎಂಬುದನ್ನೂ ತಿಳಿಸಿ.